ಪಿಕಪ್ ಇಲ್ಲದ ಪೆಟ್ರೋಲ್ ಕಾರು: ಬಿಚ್ಚುವ ಮೊದಲು ನೋಡಬೇಕಾದ ಅಂಕಿಗಳು

ಜನವರಿ 11, 2026, ಭಾನುವಾರ
ಮಂಡ್ಯ

ಇವತ್ತಿನ ಗಾಡಿ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಟರ್ಬೊ ಇಲ್ಲ. ಆಕ್ಸಿಲರೇಟರ್‌ಗೆ ಕೇಬಲ್ ಇಲ್ಲ, ಎಲ್ಲ ಸೆನ್ಸರ್ ಮತ್ತು ಮೋಟಾರ್. ದಿನವೂ ಪಾಂಡವಪುರದ ಕಡೆ ಹಳ್ಳಿ ದಾರಿಯ ಓಡಾಟ. ದೂರು ಹೀಗಿತ್ತು: “ಅಣ್ಣ, ತುಳಿದ್ರೆ ಗಾಡಿ ಒಂದ್ ಗಳಿಗೆ ಯೋಚ್ನೆ ಮಾಡಿ ಆಮೇಲ್ ಹೋಯ್ತದೆ. ದಿಬ್ಬ ಬಂದ್ರೆ ಎಳೆಯೋದೇ ಇಲ್ಲ.”

ಇದರೊಳಗೆ ಎರಡು ದೂರುಗಳಿವೆ. ಪೆಡಲ್ ಒತ್ತಿದ ಮೊದಲ ಕ್ಷಣದ ತಡ ಒಂದು. ಪೂರ್ತಿ ಒತ್ತಿದರೂ ಶಕ್ತಿ ಬಾರದಿರುವುದು ಇನ್ನೊಂದು. ಎರಡನ್ನೂ ಕಲಸಿಕೊಂಡು ನೇರ ಥ್ರಾಟಲ್ ಬಾಡಿ (ಎಂಜಿನ್ನಿಗೆ ಹೋಗುವ ಗಾಳಿಯನ್ನು ತಿರುಗುವ ತಟ್ಟೆಯಿಂದ ಹೆಚ್ಚುಕಡಿಮೆ ಮಾಡುವ ಭಾಗ) ಬಿಚ್ಚಿ ತೊಳೆಯುವ ರೂಢಿ ನಮ್ಮ ಕಡೆ ಜಾಸ್ತಿ. ಗಾಡಿಯ ಸೆನ್ಸರ್ ಅಂಕಿಗಳನ್ನು ಮೊಬೈಲಿಗೆ ಕಳಿಸುವ ಓಬಿಡಿ ಡಾಂಗಲ್, ಅದಕ್ಕೊಂದು ಮೊಬೈಲ್ ಆ್ಯಪ್ ಇದ್ದರೆ ಹತ್ತು ನಿಮಿಷದಲ್ಲಿ ದಾರಿ ಕಾಣುತ್ತದೆ.

ಮೊದಲು ಪೆಡಲ್. ಇಗ್ನಿಷನ್ ಆನ್, ಎಂಜಿನ್ ಆಫ್. ಪೆಡಲನ್ನು ನಿಧಾನವಾಗಿ ಕೊನೆಯವರೆಗೆ ಒತ್ತಿ ಸೆನ್ಸರ್ ಅಂಕಿ ನೋಡಬೇಕು. ಒಳಗೆ ಎರಡು ಸಿಗ್ನಲ್ ಇರುತ್ತವೆ. ಹಲವು ಗಾಡಿಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಎರಡರಷ್ಟು. ಎರಡೂ ಒಟ್ಟಿಗೆ, ಎಲ್ಲೂ ಜಿಗಿಯದೆ ಏರಬೇಕು. ಮಧ್ಯೆ ತಟಕ್ಕನೆ ಬಿದ್ದರೆ ಸೆನ್ಸರ್ ಸವೆದಿದೆ, ಇಲ್ಲವೇ ಕನೆಕ್ಟರ್ ಸಡಿಲ. ಮ್ಯಾಟ್ ಮೇಲೆ ಮ್ಯಾಟ್ ಹಾಸಿದ್ದರೆ ಪೆಡಲ್ ಕೊನೆ ಮುಟ್ಟುವುದೇ ಇಲ್ಲ, ಅದನ್ನೂ ಎತ್ತಿ ನೋಡಿ. ಈ ಗಾಡಿಯಲ್ಲಿ ಪೆಡಲ್ ಸರಿ ಇತ್ತು.

ನಂತರ ಮ್ಯಾಪ್ ಸೆನ್ಸರ್: ಥ್ರಾಟಲ್ ದಾಟಿದ ಗಾಳಿಯನ್ನು ಎಂಜಿನ್ನಿಗೆ ಹಂಚುವ ಮ್ಯಾನಿಫೋಲ್ಡಿನ ಒಳಗಿನ ಒತ್ತಡ ಅಳೆಯುವುದು ಇದು. ನನ್ನ ಮಟ್ಟಿಗೆ ಇಡೀ ತಪಾಸಣೆಯಲ್ಲಿ ಇದರಷ್ಟು ಉಪಯೋಗದ ಅಂಕಿ ಇನ್ನೊಂದಿಲ್ಲ. ಎಂಜಿನ್ ಆಫ್ ಇದ್ದಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸುತ್ತದೆ. ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್. ಮಂಡ್ಯ, ಮೈಸೂರಿನ ಎತ್ತರಕ್ಕೆ 92ರಿಂದ 94. ಇಲ್ಲಿ 93 ಕಂಡರೆ ಸೆನ್ಸರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಐಡ್ಲಿಂಗ್‌ನಲ್ಲಿ, ಅಂದರೆ ಪೆಡಲ್ ಒತ್ತದೆ ಎಂಜಿನ್ ಓಡುವಾಗ, 30ರಿಂದ 40. ಖಾಲಿ ರಸ್ತೆಯಲ್ಲಿ ಮೂರನೇ ಗೇರ್, 2000 ಆರ್‌ಪಿಎಂನಿಂದ ಪೂರ್ತಿ ತುಳಿದು 4500ರವರೆಗೆ ಏರಿಸಿದಾಗ ಮತ್ತೆ ಹೊರಗಿನ ಒತ್ತಡದ ಹತ್ತಿರಕ್ಕೆ ಬರಬೇಕು. ಎರಡು ಮೂರು ಅಂಕಿ ಕಡಿಮೆಯಾದರೆ ಪರವಾಗಿಲ್ಲ. ಮೊಬೈಲ್ ನೋಡುವ ಕೆಲಸ ಪಕ್ಕದ ಸೀಟಿನವರದು.

ಈ ಗಾಡಿಯಲ್ಲಿ ಮ್ಯಾಪ್ ಅಂಕಿ 81ಕ್ಕೇ ನಿಂತಿತು. ಥ್ರಾಟಲ್ ಪೂರ್ತಿ ತೆರೆದಿದ್ದರೂ ಗಾಳಿ ಸಾಲುತ್ತಿಲ್ಲ ಎಂದರೆ ತಡೆ ಇರುವುದು ಏರ್ ಫಿಲ್ಟರ್ ಕಡೆಗೆ. ಹೊಸ ಫಿಲ್ಟರ್ ಹಾಕಿದಾಗ 85. ಇಲ್ಲಿಗೆ ನಿಲ್ಲಿಸಿದ್ದರೆ ದಿಬ್ಬದಲ್ಲಿ ಅದೇ ಗೋಳು ಉಳಿಯುತ್ತಿತ್ತು. ಫಿಲ್ಟರ್ ಡಬ್ಬಿಗೆ ಗ್ರಿಲ್ ಹಿಂದಿನಿಂದ ಗಾಳಿ ತರುವ ಪ್ಲಾಸ್ಟಿಕ್ ಕೊಳವೆ ಬಿಚ್ಚಿದರೆ ಒಳಗೆ ರಾಗಿ ಹೊಟ್ಟು ಗಿಡಿದುಕೊಂಡಿತ್ತು. ಅದನ್ನು ತೆಗೆದ ಮೇಲೆ 90. ರಸ್ತೆ ಮೇಲೆ ಒಕ್ಕಣೆ ನಡೆಯುವ ಈ ತಿಂಗಳುಗಳಲ್ಲಿ ಸರ್ವಿಸ್ ಕಿಲೋಮೀಟರ್ ಲೆಕ್ಕ ನೆಚ್ಚಿಕೊಳ್ಳದೆ ಡಬ್ಬಿ, ಕೊಳವೆ ಎರಡನ್ನೂ ತೆಗೆದು ನೋಡಿ. ಹಾಗೆಯೇ ಗಾಡಿಯ ಅಡಿಗೂ ಬಗ್ಗಿ ನೋಡಿ: ಹುರುಳಿ ಬಳ್ಳಿ ಸೈಲೆನ್ಸರ್‌ಗೆ ಸುತ್ತಿಕೊಂಡರೆ ಬೆಂಕಿ ಹತ್ತುತ್ತದೆ.

ಎಳೆತ ಬಂತು, ಮೊದಲ ಕ್ಷಣದ ತಡ ಹೋಗಲಿಲ್ಲ. ಅದಕ್ಕೆ ಕಾರಣ ಥ್ರಾಟಲ್ ತಟ್ಟೆಯ ಅಂಚಿನ ಕಪ್ಪು ಉಂಗುರ. ಎಂಜಿನ್ನಿನ ಎಣ್ಣೆ ಹಬೆ ಇನ್‌ಟೇಕ್‌ಗೆ ಬಂದು ಅಲ್ಲಿ ಕಟ್ಟುತ್ತದೆ. ತಟ್ಟೆ ಸ್ವಲ್ಪ ತಿರುಗಿದಾಗ ಬರಬೇಕಾದಷ್ಟು ಗಾಳಿ ಬರುವುದಿಲ್ಲ. ಬ್ಯಾಟರಿಯ ನೆಗೆಟಿವ್ ತೆಗೆದು ಥ್ರಾಟಲ್ ಬಾಡಿ ಬಿಚ್ಚಬೇಕು. ಥ್ರಾಟಲ್ ಬಾಡಿ ಕ್ಲೀನರನ್ನು ಬಟ್ಟೆಗೆ ಹೊಡೆದುಕೊಂಡು ಒರೆಸಬೇಕು. ಕಾರ್ಬ್ಯುರೇಟರ್ ಕ್ಲೀನರ್, ಎಮರಿ ಕಾಗದ ಎರಡೂ ಬೇಡ, ಒಳಗಿನ ಲೇಪ ಕಿತ್ತುಬರುತ್ತದೆ. ಶಾಫ್ಟ್‌ನ ತುದಿಗೆ ದ್ರವ ಹೊಡೆದರೆ ಮೋಟಾರ್ ಕಡೆಗೆ ಇಳಿಯುತ್ತದೆ. ಇಗ್ನಿಷನ್ ಆನ್ ಇದ್ದಾಗ ತಟ್ಟೆಯನ್ನು ಬೆರಳಿನಿಂದ ತಳ್ಳಲೇಬೇಡಿ: ಗೇರ್ ಮುರಿಯಬಹುದು, ಬೆರಳೂ ಸಿಕ್ಕಿಕೊಳ್ಳಬಹುದು. ಚಪ್ಪಟೆಯಾದ ರಬ್ಬರ್ ರಿಂಗ್ ಬದಲಿಸಿ. ಬೋಲ್ಟುಗಳಿಗೆ ಗಾಡಿಯ ಮ್ಯಾನ್ಯುಯಲ್ ಹೇಳುವ ಟಾರ್ಕ್ ಸಾಕು, ಚಿಕ್ಕ ಬೋಲ್ಟ್‌ಗೆ ಅದು ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು. ಬಿಗಿದುಹಾಕಿದರೆ ಪ್ಲಾಸ್ಟಿಕ್ ಮ್ಯಾನಿಫೋಲ್ಡಿನ ಲೋಹದ ಬುಷ್ ಸುತ್ತಿಬಿಡುತ್ತದೆ.

ತೊಳೆದ ಮೇಲೆ ಐಡ್ಲಿಂಗ್ 1400ಕ್ಕೆ ಏರಿತು. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಹಳೆಯ ಮಸಿಯ ಲೆಕ್ಕದಲ್ಲೇ ತಟ್ಟೆ ತೆರೆಯುತ್ತಿರುತ್ತದೆ. ಕೆಲವು ಗಾಡಿಗಳು ಓಡುತ್ತಾ ತಾವೇ ಕಲಿಯುತ್ತವೆ. ಇದಕ್ಕೆ ಸ್ಕ್ಯಾನರ್‌ನಿಂದ ರೀಲರ್ನ್ (ಹೊಸದಾಗಿ ಕಲಿಯುವ ಆದೇಶ) ಕೊಡಬೇಕಾಯಿತು. ಆಮೇಲೆ 750ಕ್ಕೆ ಇಳಿದು ನಿಂತಿತು, ತಡವೂ ಹೋಯಿತು.

ಫ್ಯುಯೆಲ್ ಟ್ರಿಮ್ (ಇಸಿಯು ಇಂಧನವನ್ನು ಶೇಕಡಾ ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಎಂಬ ಅಂಕಿ) ಪ್ಲಸ್ 6 ಇತ್ತು, ಅದನ್ನು ಮುಟ್ಟಲಿಲ್ಲ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್‌ಗೆ ಅದೇ ಗಾಳಿಗೆ ಸ್ವಲ್ಪ ಹೆಚ್ಚು ಇಂಧನ ಬೇಕು, ಹಳೆಯ ಗಾಡಿಗಳಲ್ಲಿ ಇಷ್ಟು ಪ್ಲಸ್ ಸಹಜ. 15 ದಾಟಿದರೆ ಹುಡುಕಬೇಕು. ಐಡ್ಲಿಂಗ್‌ನಲ್ಲಿ ಹೆಚ್ಚಿದ್ದು 2500 ಆರ್‌ಪಿಎಂಗೆ ಇಳಿದರೆ ವ್ಯಾಕ್ಯೂಮ್ ಲೀಕ್, ಅಂದರೆ ಥ್ರಾಟಲ್ ದಾಟಿದ ಮೇಲೆ ಎಲ್ಲೋ ಗಾಳಿ ಒಳನುಸುಳುತ್ತಿದೆ. ಲೋಡ್ ಬಂದಾಗ ಏರಿದರೆ ಪಂಪ್ ಅಥವಾ ಟ್ಯಾಂಕಿನ ಫಿಲ್ಟರ್.

ಮ್ಯಾಪ್ 90 ಮುಟ್ಟಿಯೂ ಎಳೆಯದ ಗಾಡಿ ಬಂದರೆ ಎಕ್ಸಾಸ್ಟ್ ನೋಡಿ. ಎಂಜಿನ್ ತಣ್ಣಗಾದಾಗ ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಹಾಕಿ, ಸ್ಟಾರ್ಟ್ ಮಾಡಿ 2500 ಆರ್‌ಪಿಎಂನಲ್ಲಿ ಹಿಡಿದರೆ 3 ಪಿಎಸ್‌ಐ ದಾಟಬಾರದು. ದಾಟಿದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆ. ಆರ್‌ಪಿಎಂ ಏರಿ ಸ್ಪೀಡ್ ಏರದಿದ್ದರೆ ಅದು ಕ್ಲಚ್ ಪ್ಲೇಟ್, ಥ್ರಾಟಲ್‌ಗೂ ಅದಕ್ಕೂ ಸಂಬಂಧವಿಲ್ಲ.

ಪೆಡಲ್ ವೈರಿಂಗ್‌ಗೆ ಸಿಕ್ಕಿಸುವ ಥ್ರಾಟಲ್ ಬೂಸ್ಟರ್ ಡಬ್ಬಿ ಹಾಕಲೇ ಎಂದು ಗಾಡಿಯವರು ಕೇಳಿದರು, ಬೇಡ ಅಂದೆ. ಅದು ಅರ್ಧ ತುಳಿದದ್ದನ್ನು ಮುಕ್ಕಾಲು ತುಳಿದಂತೆ ಇಸಿಯುಗೆ ಹೇಳುತ್ತದೆ, ಅಷ್ಟೇ. ಪೂರ್ತಿ ತುಳಿದಾಗ ಗಾಡಿಗೆ ಸಿಗುವ ಗಾಳಿ ಮೊದಲಿನಷ್ಟೇ.