ಹತ್ತೊಂಬತ್ತನೇ ಗೇಟು ಮತ್ತು ಜಾಂಬಿಯಾದ ರೈಲು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗ ಗಂಗಾವತಿ ಸೀಮೆಯ ನಮ್ಮ ಗದ್ದೆಗಳಲ್ಲಿ ಭತ್ತದ ನಾಟಿ ನಡೆದಿತ್ತು. ಬೆಳಗಾಗುತ್ತಲೇ ಅಪ್ಪ ಕಾಲುವೆಗೆ ಹೋಗಿ, ದಂಡೆಯ ಕೆಸರಿನಲ್ಲಿ ಕಡ್ಡಿಯೊಂದನ್ನು ಊರಿ ನೀರಿನ ಮಟ್ಟ ಗುರುತು ಮಾಡಿಕೊಂಡು ಬಂದರು. ಮಧ್ಯಾಹ್ನ ಮತ್ತು ಸಂಜೆ ಮತ್ತೆ ಹೋಗಿ ನೋಡಿದರು. ಒಂದು ವಾರದೊಳಗೆ, ನೀರು ಹರಿಯುತ್ತಿರುವಾಗಲೇ, ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್ ಲಾಗ್, ಅಂದರೆ ಗೇಟಿನ ಜಾಗವನ್ನು ತಾತ್ಕಾಲಿಕವಾಗಿ ಮುಚ್ಚುವ ತಡೆ, ಇಳಿಸಲಾಯಿತು. ಅದರ ಉಕ್ಕಿನ ಭಾಗಗಳು ಸಿದ್ಧವಾದದ್ದು ಇಲ್ಲೇ, ಹೊಸಪೇಟೆಯ ಆಸುಪಾಸಿನಲ್ಲಿ.

ಬಡ ದೇಶಗಳಿಗೆ ಬಂದರು, ರೈಲುಮಾರ್ಗ ಕಟ್ಟಿಕೊಡಲು ದೊಡ್ಡ ರಾಷ್ಟ್ರಗಳು ಪೈಪೋಟಿಗೆ ಇಳಿದಿರುವುದನ್ನು ಓದುವಾಗಲೆಲ್ಲ, ಕೆಟ್ಟದ್ದನ್ನು ಇಲ್ಲೇ ತಯಾರಾದ ಭಾಗಗಳಿಂದ ಸರಿಪಡಿಸಿಕೊಂಡ ಆ ವಾರ ನನಗೆ ನೆನಪಾಗುತ್ತದೆ. ಈ ಚರ್ಚೆಯಲ್ಲಿ ಎಲ್ಲರೂ ಮೊದಲು ಎತ್ತುವುದು 2017ರಲ್ಲಿ 99 ವರ್ಷಗಳ ಗುತ್ತಿಗೆಗೆ ಚೀನಾದ ಕಂಪನಿಯ ಕೈಸೇರಿದ ಶ್ರೀಲಂಕಾದ ಹಂಬನ್‌ತೋಟ ಬಂದರನ್ನು. ನನಗಾದರೋ ಆಫ್ರಿಕಾದ ಜಾಂಬಿಯಾದ ಅನುಭವವೇ ಹೆಚ್ಚು ಪಾಠ ಹೇಳುವಂತೆ ಕಾಣುತ್ತದೆ. ವಿಶ್ವಬ್ಯಾಂಕ್ ಮತ್ತು ಪಾಶ್ಚಾತ್ಯ ಸರ್ಕಾರಗಳು ಲಾಭವಿಲ್ಲವೆಂದು ಕೈಬಿಟ್ಟ ಟಜಾರಾ ರೈಲುಮಾರ್ಗವನ್ನು ಚೀನಾ ಬಡ್ಡಿಯಿಲ್ಲದ ಸಾಲ ಕೊಟ್ಟು 1970ರಿಂದ 1975ರೊಳಗೆ, ಟಾಂಜಾನಿಯಾದ ದಾರ್ ಎಸ್ ಸಲಾಮ್ ಬಂದರಿನಿಂದ ಜಾಂಬಿಯಾದವರೆಗೆ ಸುಮಾರು 1,860 ಕಿಲೋಮೀಟರ್ ಉದ್ದಕ್ಕೆ ಕಟ್ಟಿಸಿತು. ಬಿಳಿಯರ ಆಳ್ವಿಕೆಯ ರೊಡೇಷಿಯಾದ (ಇಂದಿನ ಜಿಂಬಾಬ್ವೆ) ಹಂಗಿಲ್ಲದೆ ತಾಮ್ರ ಸಾಗಿಸಲು ಜಾಂಬಿಯಾಕ್ಕೆ ದಾರಿಯಾಯಿತು. ಆ ಉಪಕಾರ ದೊಡ್ಡದೇ. ಸ್ಥಳೀಯರಿಗೆ ತರಬೇತಿಯೂ ಸಿಕ್ಕಿತು, ಜಾಂಬಿಯಾದ ಎಂಪಿಕಾದಲ್ಲಿ ವರ್ಕ್‌ಶಾಪೂ ಎದ್ದಿತು. ಆದರೆ ನಿರ್ವಹಣೆಗೆ ಹಣ ಸಾಲದೆ, ಎಂಜಿನ್ನುಗಳು ಒಂದೊಂದಾಗಿ ನಿಂತು, ಸರಕು ಸಾಗಣೆ ನೆಲಕಚ್ಚಿತು.

ಈಗ ಅದನ್ನು ನವೀಕರಿಸಲು ಚೀನಾ ಮತ್ತೆ ಬಂದಿದೆ; ಪಶ್ಚಿಮದ ಕಡೆಗೆ ಅಂಗೋಲಾದ ಲೊಬಿಟೊ ಬಂದರಿನ ರೈಲುಮಾರ್ಗದ ಹಿಂದೆ ಅಮೆರಿಕ ಮತ್ತು ಐರೋಪ್ಯ ಒಕ್ಕೂಟ ನಿಂತಿವೆ. ಎರಡೂ ಹಳಿಗಳ ಕಣ್ಣು ಒಂದೇ ತಾಮ್ರದ ಗಣಿಗಳ ಮೇಲಿದೆ. ಸಂಡೂರು, ಹೊಸಪೇಟೆಗಳ ಅದಿರು ಲಾರಿಲಾರಿಯಾಗಿ ಬಂದರಿಗೆ ಹೋದ ವರ್ಷಗಳನ್ನೂ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ್ದನ್ನೂ ಕಂಡವರಿಗೆ, ಅದಿರಿಗಾಗಿ ಹಾಕಿದ ದಾರಿ ಯಾರ ಅನುಕೂಲಕ್ಕೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಜಾಂಬಿಯಾ ಈ ನೆರವನ್ನು ನಿರಾಕರಿಸಲಿ ಎಂದು ನಾನು ಹೇಳಲಾರೆ. ಇಬ್ಬರು ಪೈಪೋಟಿ ನಡೆಸುವಾಗ ಪಡೆಯುವವರಿಗೆ ಷರತ್ತು ಹಾಕುವ ಬಲ ಬರುತ್ತದೆ. ಆ ಬಲವನ್ನು ಬಿಡಿಭಾಗಗಳು ತಮ್ಮಲ್ಲೇ ತಯಾರಾಗುವಂತೆ, ನಕ್ಷೆಗಳು ತಮ್ಮ ಕಚೇರಿಯಲ್ಲೇ ಉಳಿಯುವಂತೆ ಮಾಡಿಕೊಳ್ಳಲು ಬಳಸಬೇಕು. ಆದ್ದರಿಂದಲೇ ಇಂಥ ಒಪ್ಪಂದದ ಸುದ್ದಿ ಬಂದಾಗ ಎಷ್ಟು ಕೋಟಿ ಡಾಲರ್ ಎಂಬುದನ್ನು ದಾಟಿ, ಅಲ್ಲಿಯ ಎಷ್ಟು ಜನ ಮೆಕ್ಯಾನಿಕ್ಕುಗಳಿಗೆ ಕೆಲಸ ಕಲಿಸುತ್ತಾರೆ ಎಂಬ ಸಾಲನ್ನು ಹುಡುಕುತ್ತೇನೆ.