ಒಂದು ಸೂಜಿ ಕೊಡಿ

ಭಾನುವಾರದಿಂದ ನನ್ನ ತಲೆಯಲ್ಲಿ ಒಂದು ಸೂಜಿ ಜಾರುತ್ತಲೇ ಇದೆ.

ಅಟ್ಟ ಗುಡಿಸುವಾಗ ಅಜ್ಜನ ಪೆಟ್ಟಿಗೆಯಲ್ಲಿ ಒಂದು ಸಾಮಾನು ಸಿಕ್ಕಿತ್ತು. ನೋಡಲು ಇಕ್ಕಳದ ಹಾಗೆ. ಹಿಡಿ ಅದುಮಿದರೆ ಮೂತಿಯಿಂದ ಅಕ್ಕಿಕಾಳಿನಷ್ಟು ಕಬ್ಬಿಣ ಮುಂದೆ ಬರುತ್ತದೆ, ಬಿಟ್ಟರೆ ಸ್ಪ್ರಿಂಗ್ ಒಳಗೆ ಎಳೆದುಕೊಳ್ಳುತ್ತದೆ. ಎದುರಿಗೊಂದು ತಿರುಗುವ ಬಿಲ್ಲೆ, ಅದರಲ್ಲಿ 4ರಿಂದ 12ರವರೆಗೆ ಅಂಕಿ.

"ಕಂಡಕ್ಟರ್ ಟಿಕೆಟ್ ತೂತು ಮಾಡೋದು" ಅಂದ ಅಣ್ಣ. ಅವನಿಗೆ ಗೊತ್ತಿಲ್ಲದ್ದು ಈ ಲೋಕದಲ್ಲಿ ಏನಿದೆ? ದನದ ಕಿವಿಗೆ ಓಲೆ ಹಾಕೋದಿರಬೇಕು ಅಂದಳು ಅಮ್ಮ. ನಾನು ಮೊಬೈಲಿನಲ್ಲಿ ಹುಡುಕಿ, ಚರ್ಮಕ್ಕೆ ತೂತು ಹಾಕುವ ಸಾಮಾನೆಂದು ತೀರ್ಪು ಕೊಟ್ಟೆ. ಬಿಲ್ಲೆಯಲ್ಲಿ ತೂತೇ ಇಲ್ಲ ಅನ್ನೋದು ಮೂವರ ಕಣ್ಣಿಗೂ ಬೀಳಲಿಲ್ಲ.

ಕೊಟ್ಟಿಗೆ ಬಾಗಿಲು ಸರಿಮಾಡಲು ಬಂದಿದ್ದ ಆಚಾರ್ರು ಕನ್ನಡಕ ಹಣೆಗೇರಿಸಿ ನೋಡಿದರು. "ಗರಗಸದ ಹಲ್ಲು ಬಾಗಿಸೋದಲ್ವಾ ಇದು! ನಿಮ್ಮಜ್ಜ ಯಾರಿಗೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ."

ಒಂದು ಹಲ್ಲು ಎಡಕ್ಕೆ, ಪಕ್ಕದ್ದು ಬಲಕ್ಕೆ. ಹಾಗೆ ಬಾಗಿದ್ದರೆ ಕೊಯ್ದ ಸೀಳು ಅಲಗಿಗಿಂತ ಅಗಲವಾಗುತ್ತದೆ, ಗರಗಸ ಮರದಲ್ಲಿ ಕಚ್ಚಿಕೊಳ್ಳುವುದಿಲ್ಲ. ಹಸಿ ಮರಕ್ಕೆ ಬಾಗು ಹೆಚ್ಚು ಬೇಕು, ಒಣ ಸಾಗುವಾನಿಗೆ ಕಡಿಮೆ. ಅಂಕಿ ಅಂದರೆ ಇಂಚಿಗೆ ಎಷ್ಟು ಹಲ್ಲು ಎಂಬ ಲೆಕ್ಕ.

ಪೂರ್ತಿ ಕೇಳುವ ತಾಳ್ಮೆ ಅಣ್ಣನಿಗೆಲ್ಲಿ? ಪೇಟೆಯಿಂದ ತಂದಿದ್ದ ಹೊಸ ಗರಗಸಕ್ಕೆ ಸಿಕ್ಕಿಸಿ ಅದುಮಿಯೇ ಬಿಟ್ಟ. ಟಕ್! ಹಲ್ಲು ಅಂಗಳಕ್ಕೆ ಹಾರಿತು.

"ತುದಿ ನೀಲಿಗಟ್ಟಿದೆ ನೋಡಿ, ಹದ ಜಾಸ್ತಿ. ಬಾಗಲ್ಲ, ಅರಕ್ಕೂ ಬಗ್ಗಲ್ಲ. ಮೊಂಡಾದ್ರೆ ಬಿಸಾಡೋದೇ" ಅಂದರು ಆಚಾರ್ರು, ನಗು ತಡೆದುಕೊಂಡು.

ತಮ್ಮ ಹಳೇ ಗರಗಸವನ್ನು ಎರಡು ರೀಪಿನ ನಡುವೆ ಬಿಗಿದು, ಹಲ್ಲು ಬಿಟ್ಟು ಹಲ್ಲು ಅದುಮುತ್ತ ಹೋದರು. ಬುಡ ಮುಟ್ಟಲಿಲ್ಲ, ತುದಿಯಷ್ಟೇ. ಆಮೇಲೆ ಮಗ್ಗಲು ಬದಲಿಸಿ ಉಳಿದವು. ಮುಗಿದದ್ದೇ, "ಅಮ್ಮಾ, ಒಂದು ಸೂಜಿ ಕೊಡಿ."

ಕೈಗೆ ಸಿಬಿರು ಚುಚ್ಚಿತೆಂದುಕೊಂಡು ಓಡಿ ತಂದೆ. ಅವರು ಸೂಜಿಯನ್ನು ಹಲ್ಲುಗಳ ಮೇಲೆ ಉದ್ದಕ್ಕೆ ಮಲಗಿಸಿ, ಹಿಡಿಯ ಕಡೆ ಮೆಲ್ಲಗೆ ಎತ್ತಿದರು. ಎರಡು ಸಾಲಿನ ನಡುವಿನ ಸಪೂರ ದಾರಿಯಲ್ಲಿ ಸೂಜಿ ಸರ್ರನೆ ಹೊರಟು ಅರ್ಧದಲ್ಲಿ ನಿಂತಿತು. ನಿಂತಲ್ಲಿ ಒಂದೇ ಒಂದು ಹಲ್ಲು ತಪ್ಪಿಹೋಗಿತ್ತು. ಅದನ್ನು ಅದುಮಿ ಮತ್ತೆ ಮಲಗಿಸಿದರು. ಈ ಸಲ ಸೂಜಿ ಆ ತುದಿಯಿಂದ ಈ ತುದಿಗೆ, ನೀರಿನ ಹಾಗೆ.

ಅಜ್ಜ ಜಿಪುಣ ಅಂತಲೇ ಕೇಳಿ ಬೆಳೆದವಳು ನಾನು. ನೆರೆಯವರಿಗೆ ಒಂದು ಕತ್ತಿ ಎರವಲು ಕೊಡದ ಮನುಷ್ಯ ಅಂತ ಅಮ್ಮ ಇವತ್ತಿಗೂ ಆಡಿಕೊಳ್ಳುತ್ತಾಳೆ. ಅಂಗಳದಲ್ಲಿ ಬಿದ್ದ ಆ ನೀಲಿ ಹಲ್ಲನ್ನು ಹೆಕ್ಕುವಾಗ, ಅಣ್ಣನಂಥವರು ಅಜ್ಜನ ಕಾಲದಲ್ಲೂ ಸುತ್ತಮುತ್ತ ಎಷ್ಟು ಜನ ಇದ್ದರೋ ಅನ್ನಿಸಿತು.

ಸೂಜಿ ಮಾತ್ರ ಗರಗಸದ ತುದಿಯಿಂದ ಜಿಗಿದು ಮರದಪುಡಿಯಲ್ಲಿ ಕಳೆದುಹೋಯಿತು. ನಾಲ್ಕು ದಿನದಿಂದ ಅಮ್ಮ ಜಗಲಿಯಲ್ಲಿ ಯಾರನ್ನೂ ಬರಿಗಾಲಲ್ಲಿ ಓಡಾಡಲು ಬಿಡುತ್ತಿಲ್ಲ.