ಎಡಿಟರ್ ಅಂದ್ರೆ ಏನ್ ಕೆಲಸ ಮಾಡ್ತಾರೆ?

ಪತ್ರಿಕೆಯ ಡೆಸ್ಕ್‌ನಲ್ಲಿ ಕೂತವರಿಗೆ ನೆಂಟರಿಷ್ಟರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಬರೆಯೋರು ಬೇರೆ, ಫೋಟೊ ತೆಗೆಯೋರು ಬೇರೆ, ಪುಟ ಮಾಡೋರು ಬೇರೆ, ಜಾಹೀರಾತು ತರೋರು ಬೇರೆ. ಹಾಗಾದ್ರೆ ಎಡಿಟರ್ ಏನ್ರೀ ಮಾಡ್ತಾರೆ? ಕಾಗುಣಿತ ತಿದ್ದೋದಾ?

ಬೇಡ ಅನ್ನೋದು. ಅದೇ ಕೆಲಸ.

ಇಷ್ಟು ಹೇಳಿದರೆ ಜನ ನಗುತ್ತಾರೆ. ಅದಕ್ಕೇ ನಾನು ಇತ್ತೀಚೆಗೆ ಉತ್ತರ ಕೊಡೋದು ಬಿಟ್ಟು ಒಂದು ಸಿನಿಮಾ ನೋಡಿ ಅನ್ನುತ್ತೇನೆ. 'ದಿ ಸೆಪ್ಟೆಂಬರ್ ಇಶ್ಯೂ' ಅಂತ ಅದರ ಹೆಸರು. 2009ರ ಸಾಕ್ಷ್ಯಚಿತ್ರ, ಆರ್.ಜೆ. ಕಟ್ಲರ್ ನಿರ್ದೇಶನ, ಒಂದೂವರೆ ಗಂಟೆ. ಅಮೆರಿಕದ 'ವೋಗ್' ಪತ್ರಿಕೆಯ ಸಂಪಾದಕಿ ಆನಾ ವಿಂಟೋರ್ ಮತ್ತು ಅವರ ತಂಡ 2007ರ ಸೆಪ್ಟೆಂಬರ್ ಸಂಚಿಕೆ ಮಾಡಿದ ಕಥೆ. ತಕ್ಷಣ ಬರುವ ಮಾತು ಗೊತ್ತು: "ಫ್ಯಾಷನ್ ಪತ್ರಿಕೆಯಾ? ನಮಗ್ಯಾಕೆ ಅದು?" ನನಗೂ ಫ್ಯಾಷನ್ ಅಷ್ಟಕ್ಕಷ್ಟೆ. ಆದರೆ ಪತ್ರಿಕೆ ಮಾಡುವ ಕೆಲಸವನ್ನು ಇಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಸಿನಿಮಾ ನಾನು ನೋಡಿಲ್ಲ.

ಸೆಪ್ಟೆಂಬರ್ ಸಂಚಿಕೆ ಅಂದ್ರೆ ಅವರಿಗೆ ನಮ್ಮ ದೀಪಾವಳಿ ವಿಶೇಷಾಂಕ ಇದ್ದ ಹಾಗೆ. ವರ್ಷದ ದಪ್ಪ ಸಂಚಿಕೆ, ಜಾಹೀರಾತಿನ ಸುಗ್ಗಿ, ಕಚೇರಿಯಲ್ಲಿ ಎಲ್ಲರ ಬಿಪಿ ಏರುವ ಕಾಲ. ಅಲ್ಲಿ ಫ್ಯಾಷನ್ನಿನ ಹೊಸ ವರ್ಷ ಶುರುವಾಗೋದೇ ಸೆಪ್ಟೆಂಬರ್‌ನಲ್ಲಿ. 2007ರ ಆ ಸಂಚಿಕೆ 840 ಪುಟ ಇತ್ತು, ಅದರಲ್ಲಿ 727 ಪುಟ ಜಾಹೀರಾತು! ಲೆಕ್ಕ ಹಾಕಿ, ಸಂಪಾದಕೀಯ ತಂಡದ ಪಾಲಿಗೆ ಉಳಿದದ್ದು ನೂರು ಚಿಲ್ಲರೆ ಪುಟ. ಇಡೀ ಸಿನಿಮಾದ ಜಗಳ ನಡೆಯೋದು ಆ ನೂರು ಚಿಲ್ಲರೆ ಪುಟಕ್ಕೆ.

ಕಚೇರಿಯ ಗೋಡೆಗೆ ಒಂದು ದೊಡ್ಡ ಬೋರ್ಡು. ಸಂಚಿಕೆಯ ಪುಟಗಳನ್ನೆಲ್ಲ ಚಿಕ್ಕದಾಗಿ ಪ್ರಿಂಟ್ ತೆಗೆದು ಸಾಲಾಗಿ ಅಂಟಿಸಿರುತ್ತಾರೆ. ಡಮ್ಮಿ, ಅಂದರೆ ಅಚ್ಚಿಗೆ ಮುಂಚಿನ ಪುಟಗಳ ಮಾದರಿ, ನೋಡಿ ಅಭ್ಯಾಸ ಇರುವವರಿಗೆ ತಕ್ಷಣ ಅರ್ಥವಾಗುತ್ತೆ. ಆನಾ ಬಂದು ಅದರ ಮುಂದೆ ನಿಲ್ಲುತ್ತಾರೆ. ಇದು ತೆಗೀರಿ, ಅದು ತೆಗೀರಿ. ಕಾರಣ ಹೇಳೋದು ಕಮ್ಮಿ. ದನಿ ಏರಿಸೋದಂತೂ ಇಲ್ಲವೇ ಇಲ್ಲ. ಈ ಸಿನಿಮಾ ಬರುವ ಮೂರು ವರ್ಷ ಮುಂಚೆ 'ದಿ ಡೆವಿಲ್ ವೇರ್ಸ್ ಪ್ರಾಡಾ' ಅನ್ನೋ ಸಿನಿಮಾ ಬಂದಿತ್ತಲ್ಲ, ಸಹಾಯಕಿಯನ್ನು ಗೋಳು ಹೊಯ್ದುಕೊಳ್ಳುವ ಫ್ಯಾಷನ್ ಎಡಿಟರ್ ಕಥೆ, ಅದರ ಮೂಲ ಕಾದಂಬರಿ ಬರೆದವರು ಹಿಂದೆ ಆನಾ ಕೈಕೆಳಗೇ ಸಹಾಯಕಿಯಾಗಿದ್ದವರು. ಹಾಗಾಗಿ ಜನ ಒಂದು ರಾಕ್ಷಸಿಯನ್ನು ನೋಡೋಕೆ ಅಂತಲೇ ಈ ಸಾಕ್ಷ್ಯಚಿತ್ರಕ್ಕೆ ಹೋದರು. ಅಲ್ಲಿ ಸಿಕ್ಕಿದ್ದು ಬೇಗ ಬೇಗ ತೀರ್ಮಾನ ಮಾಡುವ, ಮಾತು ಕಡಿಮೆ ಇರುವ ಒಬ್ಬ ಎಡಿಟರ್. ನಿಮ್ಮ ಶಕ್ತಿ ಯಾವುದು ಅಂತ ಕೇಳಿದಾಗ ಆನಾ ಹೇಳೋದೂ ಅದನ್ನೇ, ತೀರ್ಮಾನ ತಗೊಳ್ಳೋದು ಅಂತ. ದೌರ್ಬಲ್ಯ? ಮಕ್ಕಳು ಅನ್ನುತ್ತಾರೆ.

ಈ 'ಬೇಡ'ದ ಬೆಲೆ ತೆರುವವರು ಇನ್ನೊಬ್ಬರು. ಗ್ರೇಸ್ ಕಾಡಿಂಗ್ಟನ್. ನನ್ನ ಪ್ರಕಾರ ಸಿನಿಮಾದ ನಿಜವಾದ ನಾಯಕಿ ಇವರೇ. ವೇಲ್ಸ್‌ನಲ್ಲಿ 1941ರಲ್ಲಿ ಹುಟ್ಟಿದವರು. ಮೊದಲು ಮಾಡೆಲ್ ಆಗಿದ್ದರು. ಕಾರು ಅಪಘಾತದಲ್ಲಿ ಕಣ್ಣಿನ ರೆಪ್ಪೆಗೆ ಪೆಟ್ಟಾಯಿತು. ಆಮೇಲೆ ಬ್ರಿಟಿಷ್ ವೋಗ್ ಸೇರಿ ಫೋಟೊ ಶೂಟ್‌ಗಳನ್ನು ಕಟ್ಟುವ ಕೆಲಸಕ್ಕೆ ಇಳಿದರು. 1988ರಲ್ಲಿ ಆನಾ ಅಮೆರಿಕದ ವೋಗ್‌ಗೆ ಬಂದಾಗಲೇ ಗ್ರೇಸ್ ಕೂಡ ಬಂದರು. ಅಂದರೆ ಸಿನಿಮಾ ತೆಗೆಯೋ ಹೊತ್ತಿಗೆ ಇವರಿಬ್ಬರ ಜಗಳಕ್ಕೆ ಸುಮಾರು ಇಪ್ಪತ್ತು ವರ್ಷ ತುಂಬಿತ್ತು. ಕೆದರಿದ ಕೆಂಪು ಕೂದಲು, ಕಪ್ಪು ಬಟ್ಟೆ, ಮುಖಕ್ಕೆ ಮೇಕಪ್ ಇಲ್ಲ. ಫ್ಯಾಷನ್ ಪತ್ರಿಕೆಯ ಕ್ರಿಯೇಟಿವ್ ಡೈರೆಕ್ಟರ್ ಅಂದ್ರೆ ನಂಬೋಕೇ ಆಗಲ್ಲ.

1920ರ ದಶಕದ ಪ್ಯಾರಿಸ್ ನೆನಪಿಸುವ ಹಾಗೆ ಗ್ರೇಸ್ ಒಂದು ಶೂಟ್ ಮಾಡಿಸಿರುತ್ತಾರೆ. ಫೋಟೊ ತೆಗೆದವರು ಸ್ಟೀವನ್ ಮೈಸೆಲ್. ಮಂಕು ಬೆಳಕು, ಆಗಿನ ಕಾಲದ ಉಡುಪು, ಒಂದೊಂದೂ ಪೇಂಟಿಂಗ್ ಥರ. ಆನಾ ಅದರಿಂದ ಒಂದು ಫೋಟೊ ಎತ್ತುತ್ತಾರೆ. ಮಾರನೆಯ ಸಲ ಇನ್ನೊಂದು. ಗ್ರೇಸ್ ಬೋರ್ಡಿನ ಹತ್ತಿರ ಬಂದು ನೋಡಿದಾಗಲೇ ಗೊತ್ತಾಗೋದು, ಇನ್ನಷ್ಟು ಹೋಗಿದೆ ಅಂತ. ಐವತ್ತು ಸಾವಿರ ಡಾಲರಿನ ಕೆಲಸ ಕಸಕ್ಕೆ ಹೋಯಿತು ಅಂತ ಕ್ಯಾಮೆರಾ ಮುಂದೆಯೇ ಗೊಣಗುತ್ತಾರೆ. ಪುಟದಿಂದ ತಾನು ಬರೆದದ್ದು ಹಾರಿಹೋದದ್ದನ್ನು ಬೆಳಗ್ಗೆ ಪತ್ರಿಕೆ ಬಿಡಿಸಿದಾಗ ಕಂಡ ಯಾವ ವರದಿಗಾರನಿಗಾದರೂ ಆ ಮುಖ ಪರಿಚಯ ಇರುತ್ತೆ.

ಹಾಗಂತ ಗ್ರೇಸ್ ಸುಮ್ನೆ ಇರೋರಲ್ಲ. ನನಗೆ ತುಂಬಾ ಇಷ್ಟವಾದ ಭಾಗ ಇಲ್ಲೇ ಬರುತ್ತೆ. ಗಾಢ ಬಣ್ಣಗಳ ಉಡುಪಿನ ಒಂದು ಶೂಟ್ ಆನಾಗೆ ಹಿಡಿಸಲ್ಲ. ಸಂಚಿಕೆ ಮುಗಿಸೋಕೆ ಕೆಲವೇ ದಿನ ಬಾಕಿ. ಮತ್ತೆ ಮಾಡಿ ಅಂತ ಅದು ಗ್ರೇಸ್ ತಲೆಗೆ ಬರುತ್ತೆ. ಗ್ರೇಸ್ ಏನ್ ಮಾಡ್ತಾರೆ ಅಂದ್ರೆ, ಸಾಕ್ಷ್ಯಚಿತ್ರ ತೆಗೆಯುತ್ತಿದ್ದ ಕ್ಯಾಮೆರಾಮನ್ ಬಾಬ್ ರಿಚ್‌ಮನ್‌ರನ್ನೇ ಫೋಟೊದೊಳಗೆ ಎಳೆದುಕೊಳ್ಳುತ್ತಾರೆ. ಒಂದು ಕಡೆ ಬಣ್ಣದ ಉಡುಪಿನ ಮಾಡೆಲ್ ಹಾರುತ್ತಾಳೆ, ಇನ್ನೊಂದು ಕಡೆ ಕ್ಯಾಮೆರಾ ಹಿಡಿದುಕೊಂಡು ಈ ಮನುಷ್ಯನೂ ಹಾರುತ್ತಾರೆ. ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ. ಫೋಟೊ ಆನಾಗೆ ಇಷ್ಟ ಆಗುತ್ತೆ, ಆದರೆ ನೀವು ಜಿಮ್‌ಗೆ ಹೋಗಬೇಕು ಅಂತ ರಿಚ್‌ಮನ್‌ಗೆ ಮುಖಕ್ಕೇ ಹೇಳುತ್ತಾರೆ. ಹೊಟ್ಟೆಯನ್ನು ಕಂಪ್ಯೂಟರ್‌ನಲ್ಲಿ ಒಳಗೆ ತಳ್ಳುವ ಮಾತೂ ಬರುತ್ತೆ. ವಿಷಯ ಗೊತ್ತಾದ ತಕ್ಷಣ ಗ್ರೇಸ್ ಫೋನ್ ಎತ್ತಿಕೊಂಡು, ಅವರ ಹೊಟ್ಟೆ ಮುಟ್ಟಬೇಡಿ, ಹಾಗೇ ಇರಲಿ ಅನ್ನುತ್ತಾರೆ. ಮಾಡೆಲ್‌ಗಳು ಪರಿಪೂರ್ಣವಾಗಿದ್ದರೆ ಸಾಕು, ಲೋಕದಲ್ಲಿ ಎಲ್ಲರೂ ಹಾಗೆ ಇರಲ್ಲವಲ್ಲ ಅನ್ನೋದು ಅವರ ವಾದ. ಆ ಹೊಟ್ಟೆ ಉಳಿಯಿತು. 840 ಪುಟದ ಸಂಚಿಕೆಯಲ್ಲಿ ಬಹುಶಃ ಅದೊಂದೇ ಸಹಜ ಹೊಟ್ಟೆ.

ಕೆಳಗಿನವರು 'ಬೇಡ' ಅಂದದ್ದು ಮೇಲಿನವರಿಗೆ ನಾಟಿದ ಅಪರೂಪದ ಘಳಿಗೆ ಅದು. ಕೊನೆಗೆ ಸಂಚಿಕೆ ತೆಗೆದು ನೋಡಿದರೆ ಫ್ಯಾಷನ್ ಪುಟಗಳಲ್ಲಿ ಜಾಸ್ತಿ ಇರೋದು ಗ್ರೇಸ್ ಕೆಲಸವೇ. ಅಂದರೆ ಅಷ್ಟು ಕತ್ತರಿ ಹಾಕಿದ ಆನಾಗೂ ಗೊತ್ತಿತ್ತು, ತನ್ನ ಹತ್ತಿರ ಇರುವ ಅತ್ಯುತ್ತಮ ಕೆಲಸಗಾರ್ತಿ ಯಾರು ಅಂತ. ಹಾಗಿದ್ದೂ ಕತ್ತರಿ ಹಾಕಿದರು. ಇದನ್ನು ಅಹಂಕಾರ ಅನ್ನಬಹುದು. ನನಗೆ ಹಾಗನ್ನಿಸಲ್ಲ. ಒಂದೊಂದು ಶೂಟ್ ಒಂದೊಂದು ಪುಸ್ತಕವೇ ಆಗುವಷ್ಟು ಚೆನ್ನಾಗಿದ್ದರೆ, ಇಡೀ ಸಂಚಿಕೆ ಕೈಯಲ್ಲಿ ಹಿಡಿದು ತಿರುಗಿಸುವವಳ ಕಡೆಯಿಂದ ಯೋಚಿಸುವವರು ಒಬ್ಬರಾದರೂ ಬೇಕಲ್ವಾ? ಗ್ರೇಸ್ ತನ್ನ ಫೋಟೊಗಳ ಪರ ಇದ್ದರು. ಆನಾ ಸಂಚಿಕೆಯ ಪರ ಇದ್ದರು. ಆ ಎರಡನೆಯ ಜಾಗದಲ್ಲಿ ಕೂರೋದಕ್ಕೇ ಎಡಿಟರ್‌ಗೆ ಸಂಬಳ.

ಮುಖಪುಟದ ಕಥೆ ಇನ್ನೂ ತಮಾಷೆ. ನಟಿ ಸಿಯೆನಾ ಮಿಲ್ಲರ್, ರೋಮ್ ನಗರ, ಫೋಟೊಗ್ರಾಫರ್ ಮಾರಿಯೊ ಟೆಸ್ಟಿನೊ. ಬಂದ ಫೋಟೊಗಳನ್ನು ನೋಡಿದರೆ ಆಯ್ಕೆಗೆ ಇರೋದೇ ಕಮ್ಮಿ. ಆಮೇಲೆ ಶುರು, ಕೂದಲು ಹೀಗ್ಯಾಕೆ, ಹಲ್ಲು ಕಾಣುತ್ತಲ್ಲ, ಕತ್ತು ಹೇಗೆ ಸರಿ ಮಾಡೋದು. ದೊಡ್ಡ ಹೆಸರು, ದೊಡ್ಡ ಊರು, ದೊಡ್ಡ ಖರ್ಚು ಎಲ್ಲ ಸೇರಿಯೂ ಮುಖಪುಟಕ್ಕೆ ಒಂದು ಫೋಟೊ ಸಿಗದೆ ಪರದಾಡೋದನ್ನು ನೋಡಿದರೆ ಸಣ್ಣ ಪತ್ರಿಕೆಯವರಿಗೆ ಎಷ್ಟೋ ಸಮಾಧಾನ.

ಮುಖಪುಟ ಅಂದಾಗ ಸಿನಿಮಾದಾಚೆಯ ಒಂದು ವಿಷಯ ಹೇಳಲೇಬೇಕು. ಆನಾ ಅಮೆರಿಕದ ವೋಗ್‌ನ ಎಡಿಟರ್ ಆಗಿ ತಂದ ಮೊದಲ ಸಂಚಿಕೆ 1988ರ ನವೆಂಬರ್‌ದು. ಮಾಡೆಲ್ ಮಿಕೇಲಾ ಬರ್ಕು, ಮೇಲೆ ಸಾವಿರಾರು ಡಾಲರ್ ಬೆಲೆಯ ಕಸೂತಿ ಜಾಕೆಟ್, ಕೆಳಗೆ ಮಾಮೂಲಿ ಜೀನ್ಸ್. ಬೀದಿಯಲ್ಲಿ ತೆಗೆದ ಫೋಟೊ, ಮಾಡೆಲ್ ಕ್ಯಾಮೆರಾ ಕಡೆ ನೋಡುತ್ತಲೂ ಇಲ್ಲ. ಅಚ್ಚುಮನೆಯವರು ಫೋನ್ ಮಾಡಿ ಇದು ತಪ್ಪಾಗಿ ಬಂದಿದೆಯಾ ಅಂತ ಕೇಳಿದರಂತೆ. ಆ ಜಾಕೆಟ್ ಜೊತೆಗಿನ ಸ್ಕರ್ಟ್ ಹುಡುಗಿಗೆ ಹಿಡಿಯಲಿಲ್ಲ, ಅದಕ್ಕೇ ಜೀನ್ಸ್ ಹಾಕಿದ್ದು ಅಂತ ಆನಾ ಆಮೇಲೆ ಹೇಳಿಕೊಂಡಿದ್ದಾರೆ. ಎಡಿಟರ್‌ಗಳ ದೊಡ್ಡ ದೊಡ್ಡ ತೀರ್ಮಾನಗಳ ಹಿಂದೆ ಇಂಥ ಸಣ್ಣ ಕಾರಣ ಎಷ್ಟಿರುತ್ತವೋ.

ಒಂದು ಪತ್ರಿಕೆಯ ಎಡಿಟರ್‌ಗೆ ಇಷ್ಟೊಂದು ಪ್ರಭಾವ ಹೇಗೆ ಅಂತ ಮುಂದಿನ ಪ್ರಶ್ನೆ. ಸಿನಿಮಾದಲ್ಲಿ ಉತ್ತರ ಅಲ್ಲಲ್ಲಿ ಚದುರಿದೆ. ಅಮೆರಿಕದ ದುಬಾರಿ ಬಟ್ಟೆ ಅಂಗಡಿ ಸಮೂಹ ನೀಮನ್ ಮಾರ್ಕಸ್‌ನ ಮುಖ್ಯಸ್ಥರು ಆನಾ ಹತ್ತಿರ ಅಹವಾಲು ಇಡುತ್ತಾರೆ: ಡಿಸೈನರ್‌ಗಳು ಮಾಲು ಸರಿಯಾದ ಸಮಯಕ್ಕೆ ಕಳಿಸ್ತಿಲ್ಲ, ನೀವು ಒಂದು ಮಾತು ಹೇಳಿ ಅಂತ. ಪತ್ರಿಕೆಯ ಎಡಿಟರ್‌ಗೂ ಗೋದಾಮಿನ ಡೆಲಿವರಿಗೂ ಏನು ಸಂಬಂಧ ಹೇಳಿ! ಟಕೂನ್ ಅನ್ನುವ ಎಳೆಯ ಡಿಸೈನರ್‌ಗೆ ಗ್ಯಾಪ್ ಕಂಪನಿಯ ಕೆಲಸ ಸಿಗುವುದರ ಹಿಂದೆಯೂ ವೋಗ್ ಕೈ ಇದೆ. ಇವ್ ಸಾಂ ಲೊರಾಂ ಸಂಸ್ಥೆಯ ಡಿಸೈನರ್ ಸ್ಟೆಫಾನೊ ಪಿಲಾಟಿ ತನ್ನ ಹೊಸ ಉಡುಪುಗಳನ್ನು ತೋರಿಸುವಾಗ, ಬಣ್ಣ ಇಲ್ಲವಾ ಅಂತ ಆನಾ ಮೆಲ್ಲಗೆ ಕೇಳುತ್ತಾರೆ. ಅಷ್ಟಕ್ಕೇ ಆ ಮನುಷ್ಯನ ಮುಖ ನೋಡಬೇಕು. ಪತ್ರಿಕೆಯಲ್ಲಿ ಏನು ಬರುತ್ತೆ ಅನ್ನೋದಕ್ಕಿಂತ, ಏನು ಬರಲ್ಲ ಅನ್ನೋ ಹೆದರಿಕೆಯೇ ಅಲ್ಲಿ ಕೆಲಸ ಮಾಡೋದು.

ಆನಾ ಅವರ ಮನೆ ಕಥೆಯೂ ಸ್ವಲ್ಪ ಇದೆ. ಅಪ್ಪ ಚಾರ್ಲ್ಸ್ ವಿಂಟೋರ್ ಲಂಡನ್ನಿನ 'ಈವ್ನಿಂಗ್ ಸ್ಟ್ಯಾಂಡರ್ಡ್' ಪತ್ರಿಕೆಯ ಎಡಿಟರ್ ಆಗಿದ್ದವರು. ಮುಂದೆ ಏನಾಗ್ತೀಯ ಅಂತ ಒಂದು ಫಾರ್ಮ್‌ನಲ್ಲಿ ಕೇಳಿದ್ದಕ್ಕೆ, ವೋಗ್ ಎಡಿಟರ್ ಅಂತ ಬರಿ ಅಂದವರು ಅಪ್ಪನೇ. ಒಡಹುಟ್ಟಿದವರೆಲ್ಲ ರಾಜಕೀಯ ವರದಿಗಾರಿಕೆ, ಕಾರ್ಮಿಕ ಹಕ್ಕು, ಬಡವರ ವಸತಿ ಅಂತ 'ಗಂಭೀರ' ಕೆಲಸದಲ್ಲಿದ್ದರು. ತನ್ನ ಕೆಲಸ ಅವರಿಗೆ ತಮಾಷೆಯಾಗಿ ಕಾಣುತ್ತೆ ಅನ್ನುವಾಗ ಆನಾ ಮುಖದಲ್ಲಿ ಬಂದು ಹೋಗುವ ಸಣ್ಣ ನೋವನ್ನು ಕ್ಯಾಮೆರಾ ಬಿಟ್ಟಿಲ್ಲ. ಮಗಳು ಬೀ ಬೇರೆ, ಇದೊಂದು ವಿಚಿತ್ರ ಉದ್ಯಮ, ನಾನು ಲಾ ಓದ್ತೀನಿ ಅನ್ನುತ್ತಾಳೆ.

ದೂರುಗಳೂ ಇವೆ. ತುಪ್ಪಳದ ಉಡುಪನ್ನು ಮತ್ತೆ ಫ್ಯಾಷನ್ ಮಾಡಿದ್ದಕ್ಕೆ ಪ್ರಾಣಿಪ್ರಿಯರು ಆನಾ ಮೇಲೆ ಎಷ್ಟೋ ವರ್ಷದಿಂದ ಕೆಂಡ ಕಾರುತ್ತಿದ್ದರು. ಕಟ್ಲರ್ ಅದನ್ನು ಕೆದಕಲು ಹೋಗಿಲ್ಲ. ಒಣಕಲು ಮಾಡೆಲ್‌ಗಳ ಪ್ರಶ್ನೆಯೂ ಹಾಗೇ. ಶೂಟ್ ಮಧ್ಯೆ ಹುಡುಗಿ ಸಿಹಿ ತಿನ್ನುವುದನ್ನು ತೋರಿಸಿ ನಗಿಸಿ ಮುಂದೆ ಹೋಗುತ್ತಾರೆ. ಮೇಲಿನ ಸ್ಥಾನಗಳಲ್ಲಿ ಕಪ್ಪು ಜನ ಎಷ್ಟು ಕಮ್ಮಿ ಅನ್ನೋದನ್ನು ಕೇಳಿಯೇ ಇಲ್ಲ. ಅಲ್ಲಿದ್ದ ಕಪ್ಪು ಹಿರಿಯ ಸಂಪಾದಕ ಆಂದ್ರೆ ಲಿಯಾನ್ ಟ್ಯಾಲಿ, ದುಬಾರಿ ಟವೆಲ್ ಹೊದ್ದು ಟೆನಿಸ್ ಆಡುವ ತಮಾಷೆಯ ಪಾತ್ರವಾಗಿ ಉಳಿದುಬಿಡುತ್ತಾರೆ. 2020ರ ಜೂನ್‌ನಲ್ಲಿ ಆನಾ ತಮ್ಮ ಸಿಬ್ಬಂದಿಗೆ ಪತ್ರ ಬರೆದು, ಕಪ್ಪು ಜನರಿಗೆ ವೋಗ್ ಸಾಕಷ್ಟು ಜಾಗ ಕೊಡಲಿಲ್ಲ ಅಂತ ಒಪ್ಪಿಕೊಂಡರು. ಆ ಪತ್ರ ಓದಿ ಸಿನಿಮಾ ನೋಡಿದರೆ ಕೆಲವು ಫ್ರೇಮುಗಳು ಬೇರೆ ಥರ ಕಾಣುತ್ತವೆ. ಬೇಡ ಅನ್ನೋ ಅಧಿಕಾರ ಒಬ್ಬರ ಕೈಯಲ್ಲೇ ಇದ್ದಾಗ, ಅವರ ಕಣ್ಣಿಗೆ ಬೀಳದವರು ಬೋರ್ಡಿನವರೆಗೂ ಬರೋದೇ ಇಲ್ಲ. ಕತ್ತರಿಸೋ ಪ್ರಶ್ನೆ ಆಮೇಲಿನ ಮಾತು.

ಇಷ್ಟು ಕೇಳಿದ ಮೇಲೂ ಕೆಲವರು, ಅಂಥ ಎಡಿಟರ್‌ಗಳು ಈಗ ಎಲ್ಲಿದ್ದಾರೆ, ಎಲ್ಲ ಮೊಬೈಲ್ ಆಯ್ತಲ್ಲ ಅನ್ನುತ್ತಾರೆ. 2025ರ ಜೂನ್‌ನಲ್ಲಿ ಆನಾ ಅಮೆರಿಕದ ವೋಗ್‌ನ ದಿನನಿತ್ಯದ ಜವಾಬ್ದಾರಿ ಬಿಟ್ಟರು, 37 ವರ್ಷದ ಮೇಲೆ. ಸೆಪ್ಟೆಂಬರ್‌ನಲ್ಲಿ ಕ್ಲೋಯಿ ಮಾಲ್ ಆ ಜಾಗಕ್ಕೆ ಬಂದರು, ಆದರೆ ಅವರ ಹುದ್ದೆ 'ಹೆಡ್ ಆಫ್ ಎಡಿಟೋರಿಯಲ್ ಕಂಟೆಂಟ್'. ಎಡಿಟರ್ ಇನ್ ಚೀಫ್ ಅನ್ನೋ ಹಲಗೆ ಅಲ್ಲಿಲ್ಲ. ಆನಾ ಮನೆಗೆ ಹೋದರಾ ಅಂದ್ರೆ, ಇಲ್ಲ. ಜಗತ್ತಿನ ಎಲ್ಲ ವೋಗ್‌ಗಳ ಸಂಪಾದಕೀಯ ಹೊಣೆ ಇನ್ನೂ ಅವರದೇ. ಹೊಸಬರು ವರದಿ ಒಪ್ಪಿಸಬೇಕಾಗಿರೋದೂ ಅವರಿಗೇ.